ಈರುಳ್ಳಿ ಲಾರಿಗೆ ಯಾವ ಯಂತ್ರ?

ಪ್ರಶ್ನೆ: ಮಹಾರಾಷ್ಟ್ರದ ನಿಫಾಡ್‌ನಲ್ಲಿ ಆರು ಲಾರಿ ಇಟ್ಟಿದ್ದೇನೆ. ಲಾಸಲ್‌ಗಾಂವ್‌ನಿಂದ ಬೆಂಗಳೂರಿಗೆ ಈರುಳ್ಳಿ ಸಾಗಿಸುತ್ತೇವೆ. ಚಾಲಕರ ಗಂಟೆ ದಾಖಲಿಸುವ ಇಎಲ್‌ಡಿ ಕೊಳ್ಳಲೇ?

ಉತ್ತರ: ಎಂಜಿನ್‌ಗೆ ಜೋಡಿಸುವ ಇಎಲ್‌ಡಿ ಚಾಲನೆಯ ಅವಧಿಯನ್ನು ತಾನೇ ಬರೆದುಕೊಳ್ಳುತ್ತದೆ, ಬರೀ ಜಿಪಿಎಸ್ ಲಾರಿ ಎಲ್ಲಿದೆ ಎಂದಷ್ಟೇ ಹೇಳೀತು. ಅಮೆರಿಕದ 11 ಗಂಟೆ ಚಾಲನಾ ಮಿತಿಗೆ ಹೊಂದಿಸಿದ್ದನ್ನು ಹಾಗೇ ತರಬೇಡಿ. ನಮ್ಮಲ್ಲಿ ದಿನದ ದುಡಿಮೆಗೆ ಸಾಮಾನ್ಯ ಮಿತಿ 8 ಗಂಟೆ. ಸುಮಾರು 1000 ಕಿ.ಮೀ. ದಾರಿಗೆ ಮೊದಲು ಎರಡನೇ ಚಾಲಕನನ್ನು ನೇಮಿಸಿ, ನಿದ್ದೆಗೆಟ್ಟವನನ್ನು ಯಾವ ಯಂತ್ರವೂ ಕಾಯದು. ಆಮೇಲೆ ಇಬ್ಬರಿಗೂ ಬೇರೆ ಲಾಗಿನ್ ಇರುವ, ನೆಟ್‌ವರ್ಕ್ ಸಿಗದಿದ್ದರೂ ದಾಖಲೆ ಉಳಿಸುವ ಸಾಧನ ಕೇಳಿ. ಒಂದೇ ಲಾರಿಯಲ್ಲಿ ತಿಂಗಳು ಪರೀಕ್ಷಿಸಿ. ವೈರಿಂಗ್ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಆಗಲಿ. ಓವರ್‌ಟೈಮ್ ತಕರಾರಿದ್ದರೆ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಿ.