ಊರುಗೋಲು: ಒಂದು ಅನುಭವ, ಒಂದು ಅಧ್ಯಯನ

ಊರುಗೋಲು ಎಂದೊಡನೆ ನಮ್ಮ ಕಣ್ಣಮುಂದೆ ಸುಳಿಯುವುದು ನರೆತ ತಲೆ, ಬಾಗಿದ ಬೆನ್ನು. ಇಪ್ಪತ್ತು ವರ್ಷದ ವಿದ್ಯಾರ್ಥಿಯ ಕೈಯಲ್ಲಿ ಅದನ್ನು ಕಂಡವರು ಮೊದಲು ಬೆರಗಾಗುತ್ತಾರೆ, ಆಮೇಲೆ ಮರುಗುತ್ತಾರೆ. ಈ ಎರಡಕ್ಕೂ ಅಂಜಿ ನಾನು ಒಂದೂವರೆ ವರ್ಷ ಕೋಲು ಹಿಡಿಯದೆ ಕಾಲ ತಳ್ಳಿದೆ. ಆ ಹಟದಿಂದ ಕಳೆದುಕೊಂಡದ್ದೇನು, ಕೋಲು ಹಿಡಿದ ಮೇಲೆ ಪಡೆದದ್ದೇನು ಎಂಬುದನ್ನು, ಓದಿ ತಿಳಿದ ಕೆಲವು ಸಂಗತಿಗಳೊಡನೆ, ಸಹಪಾಠಿಗಳ ಹಾಗೂ ಅಧ್ಯಾಪಕರ ಮುಂದಿಡುತ್ತೇನೆ.

ನನಗಿರುವುದು ರುಮಟಾಯಿಡ್ ಸಂಧಿವಾತ. ವಯಸ್ಸಾದಂತೆ ಕೀಲು ಸವೆದು ಬರುವ ನೋವು ಬೇರೆ, ಇದು ಬೇರೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುವುದು ಈ ರೋಗದ ಸ್ವಭಾವ. ಔಷಧದಿಂದ ಹತೋಟಿಗೆ ಬರುತ್ತದೆ, ಬೇರುಸಹಿತ ಹೋಗುವುದಿಲ್ಲ. ಬೆಳಗ್ಗೆ ಬಿಗಿದ ಕೀಲು ಹೊತ್ತೇರಿದಂತೆ ಸಡಿಲಗೊಳ್ಳುತ್ತದೆ. ಒಂದು ವಾರ ತಣ್ಣಗಿದ್ದ ನೋವು ಮರುವಾರ ಕೆರಳುವುದೂ ಉಂಟು. ಈ ಏರಿಳಿತವನ್ನು ವಾಚಕರು ನೆನಪಿನಲ್ಲಿಡಬೇಕು.

ಕೋಲಿಲ್ಲದ ಆ ದಿನಗಳಲ್ಲಿ ನನ್ನ ಪಾಲಿನ ಮೈಸೂರು ದಿನದಿನಕ್ಕೆ ಕಿರಿದಾಯಿತು. ಮೊದಲು ಚಾಮುಂಡಿಬೆಟ್ಟದ ಮೆಟ್ಟಿಲು ಹೋಯಿತು. ಹೋಗಲಿ, ಬಸ್ಸು ಇದೆಯಲ್ಲ ಎಂದುಕೊಂಡೆ. ತರುವಾಯ ಕುಕ್ಕರಹಳ್ಳಿ ಕೆರೆಯ ಏರಿ ಹೋಯಿತು. ಅಜ್ಜಿಯ ಜೊತೆ ದೇವರಾಜ ಮಾರುಕಟ್ಟೆಗೆ ಹೂವಿಗೆ ಹೋಗುವುದು ನಿಂತಿತು. ಕಡೆಗೆ ಮಹಡಿಯ ಮೇಲಿನ ತರಗತಿಗಳನ್ನೂ ತಪ್ಪಿಸತೊಡಗಿದೆ. ಹಾಜರಿ ಏಕೆ ಕಡಮೆಯೆಂದು ಕೇಳಿದ ಅಧ್ಯಾಪಕರಿಗೆ ಜ್ವರವೆಂದು ಸುಳ್ಳು ಹೇಳಿದೆ.

ಒಂದು ದಿನ ಬಚ್ಚಲಮನೆಯ ಹೊಸ್ತಿಲಲ್ಲಿ ಬಿದ್ದಮೇಲೆ ಗೂಟಕ್ಕೆ ನೇತುಹಾಕಿದ್ದ ತಾತನ ಬೆತ್ತವನ್ನು ಕೆಳಗಿಳಿಸಿದೆ. ತಾತ ಆರಡಿಯ ಆಳು. ನಾನು ಐದಡಿ ನಾಲ್ಕಂಗುಲ. ಎರಡು ವಾರ ಅದನ್ನೇ ಊರಿ ನಡೆದು, ಮೊಣಕಾಲಿನ ನೋವಿನ ಜೊತೆಗೆ ಭುಜದ ನೋವನ್ನೂ ಸಂಪಾದಿಸಿದೆ. ಆಸ್ಪತ್ರೆಯ ಫಿಸಿಯೋಥೆರಪಿಯವರು ನೋಡಿದೊಡನೆ, "ಕೋಲು ಉದ್ದವಾಯಿತು, ಹಿಡಿದ ಕೈಯೂ ತಪ್ಪು" ಎಂದರು. ಮನೆಯಲ್ಲಿ ಅಮ್ಮ, "ತಾತನ ಕೋಲನ್ನು ಕುಯ್ಯುವುದೆ? ಬೇರೆ ತಂದರಾಯಿತು" ಎಂದಳು. ಒಳಗಿನಿಂದ ಅಜ್ಜಿ, "ಗೂಟಕ್ಕೆ ಅಲಂಕಾರವಾಗಿರಲಿ ಅಂತ ಅವರು ತಂದರೇನೆ? ಕುಯ್ಯಿಸೋ ಮಗು" ಎಂದಳು. ಬಡಗಿ ನಾಲ್ಕಂಗುಲ ಕತ್ತರಿಸಿ ಕೊಟ್ಟ. ಆ ತುಂಡನ್ನು ಅಜ್ಜಿ ಎತ್ತಿಟ್ಟುಕೊಂಡಿದ್ದಾಳೆ.

ಅಳತೆಯ ವಿಷಯ ಎಲ್ಲರಿಗೂ ಉಪಯುಕ್ತವಾದುದು. ಚಪ್ಪಲಿಯೋ ಬೂಟೋ ಮೆಟ್ಟಿ ನೆಟ್ಟಗೆ ನಿಂತು ಕೈಯನ್ನು ಸಡಿಲವಾಗಿ ಇಳಿಬಿಟ್ಟರೆ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುವುದೋ ಅಲ್ಲಿಗೆ ಹಿಡಿ ಇರತಕ್ಕದ್ದು. ಆಗ ಊರಿದಾಗ ಮೊಣಕೈ ತುಸು ಬಾಗುತ್ತದೆ. ಕೋಲನ್ನು ನೋವಿರುವ ಕಾಲಿನ ಕಡೆ ಹಿಡಿಯಬೇಕೆಂದು ನಾವೆಲ್ಲ ಭಾವಿಸುತ್ತೇವೆ. ನಾಟಕಗಳಲ್ಲಿಯೂ ಹಾಗೆಯೇ ತೋರಿಸುತ್ತಾರೆ. ನಿಜವಾಗಿ ಅದು ಎದುರು ಕೈಯಲ್ಲಿರಬೇಕು. ಕಾರಣವಿಷ್ಟೆ: ಒಂಟಿಕಾಲಿನ ಮೇಲೆ ಮೈಭಾರ ಬಿದ್ದ ಕ್ಷಣ ಸೊಂಟ ಇನ್ನೊಂದು ಕಡೆಗೆ ವಾಲದಂತೆ ಆ ಪಕ್ಕದ ಸ್ನಾಯುಗಳು ಬಲವಾಗಿ ಎಳೆದು ಹಿಡಿಯುತ್ತವೆ. ಆ ಎಳೆತ ಸೇರಿ ಸೊಂಟದ ಕೀಲಿನ ಮೇಲೆ ಮೈತೂಕದ ಎರಡು ಮೂರು ಪಾಲಿನಷ್ಟು ಒತ್ತಡ ಬೀಳುತ್ತದೆ. ಎದುರು ಕೈಯ ಕೋಲು ಆ ಕೀಲಿನಿಂದ ದೂರದಲ್ಲಿರುವುದರಿಂದ, ಸನ್ನೆಗೋಲಿನ ನ್ಯಾಯದಂತೆ, ಸ್ವಲ್ಪ ಒತ್ತಿದರೂ ಬಹಳ ಭಾರ ಇಳಿಯುತ್ತದೆ. ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ ಸನ್ನೆಯ ಸೂತ್ರ ನನ್ನ ಸೊಂಟಕ್ಕೇ ಅನ್ವಯಿಸೀತೆಂದು ಯಾರು ತಿಳಿದಿದ್ದರು! ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ತುದಿಯ ರಬ್ಬರು ಬುಷ್ ಸವೆದರೆ ಒದ್ದೆ ನೆಲದಲ್ಲಿ ಕೋಲೇ ಶತ್ರು. ನನ್ನ ಬೆರಳ ಕೀಲುಗಳೂ ಊದುವುದರಿಂದ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ.

ಗಾಲಿಕುರ್ಚಿಗೆ ಒಪ್ಪಿಕೊಳ್ಳಲು ಇನ್ನೂ ಒಂದು ವರ್ಷ ಹಿಡಿಯಿತು. ದಸರಾ ವಸ್ತುಪ್ರದರ್ಶನದಂತಹ ದೂರದ ಸುತ್ತಾಟಕ್ಕೆ, ರೋಗ ಕೆರಳಿದ ದಿನಗಳಿಗೆ ಅದು ಬೇಕು. ಈ ಸಾಧನದ ಚರಿತ್ರೆ ಸ್ವಾರಸ್ಯವಾದುದು. 1655ರಲ್ಲಿ ನ್ಯೂರೆಂಬರ್ಗಿನ ಗಡಿಯಾರದ ಕುಶಲಿ ಸ್ಟೀಫನ್ ಫಾರ್ಫ್ಲರ್ ಎಂಬಾತ, ತಾನೇ ನಡೆಯಲಾರದವನು, ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಕುರ್ಚಿಯನ್ನು ಮಾಡಿಕೊಂಡ. ಇಂದಿನ ಮಡಚುವ ಕುರ್ಚಿಗೆ ದಾರಿ ಮಾಡಿದವರು 1933ರಲ್ಲಿ ಅಮೆರಿಕದ ಎವರೆಸ್ಟ್ ಮತ್ತು ಜೆನ್ನಿಂಗ್ಸ್ ಎಂಬ ಇಬ್ಬರು ಎಂಜಿನಿಯರುಗಳು. ಅವರಲ್ಲಿ ಎವರೆಸ್ಟ್ ಗಣಿಯ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡವನು. ಬೇಕಾದವನೇ ಮಾಡಿದ್ದರಿಂದ ವಸ್ತು ಸರಿಯಾಯಿತೆಂದು ನನ್ನ ಊಹೆ. ನಮ್ಮ ನಾಡಿನ ಮಾಲತಿ ಹೊಳ್ಳ ಅವರು ಶೈಶವದಲ್ಲೇ ಪೋಲಿಯೋಗೆ ತುತ್ತಾಗಿ, ಗಾಲಿಕುರ್ಚಿಯಲ್ಲಿಯೇ ಕ್ರೀಡಾಂಗಣಕ್ಕಿಳಿದು, 1995ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಆದರೆ ಪದಕದ ಆಸೆ ನನಗಿಲ್ಲ. ಹೂವಿನ ಅಂಗಡಿಯವರೆಗೆ ಹೋದರೆ ಸಾಕು.

ಇನ್ನು ಆ ಏರಿಳಿತದ ಮಾತು. ಸೋಮವಾರ ಕುರ್ಚಿಯಲ್ಲಿ ಬಂದವನು ಗುರುವಾರ ಬರಿಗೈಯಲ್ಲಿ ನಡೆದು ಬಂದರೆ, "ಏನಯ್ಯ, ಮೊನ್ನೆಯದು ನಾಟಕವೋ ಇವತ್ತಿನದೋ?" ಎಂದು ಮಿತ್ರನೊಬ್ಬ ಕೇಳಿದ. ಕೆಟ್ಟ ಮನಸ್ಸಿನಿಂದಲ್ಲ, ಕಾಲು ಒಂದೋ ಇರಬೇಕು, ಇಲ್ಲವೇ ಇರಬಾರದು ಎಂಬುದು ಲೋಕದ ಎಣಿಕೆ. ನನ್ನಂಥವರಿಗೆ ಬೆಳಗ್ಗೆ ಎಷ್ಟು ಕಾಸು ಜೇಬಿಗೆ ಬೀಳುವುದೆಂದೇ ಗೊತ್ತಿರುವುದಿಲ್ಲ. ಇದ್ದುದನ್ನೆಲ್ಲ ಕಾಲೇಜು ತಲುಪುವುದಕ್ಕೇ ಚೆಲ್ಲಿದರೆ ಪಾಠ ಕೇಳಲು ಏನೂ ಉಳಿಯದು. ಕುರ್ಚಿ ಹಿಡಿದ ದಿನ ನಾನು ಸಂಜೆಯವರೆಗೂ ಕುಳಿತು ಟಿಪ್ಪಣಿ ಬರೆದಿದ್ದೇನೆ. ಅಂದಹಾಗೆ, ಕುರ್ಚಿಯನ್ನು ಹಿಂದಿನಿಂದ ಕೇಳದೆ ತಳ್ಳುವ ಉಪಕಾರಿಗಳಲ್ಲಿ ಒಂದು ಬಿನ್ನಹ: ದಯಮಾಡಿ ಮೊದಲು ಕೇಳಿ.

1995ರ ಕಾಯಿದೆಯ ಪಟ್ಟಿಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯಿದೆ ಅದನ್ನು 21ಕ್ಕೆ ಏರಿಸಿ, ಪಾರ್ಕಿನ್ಸನ್ ರೋಗದಂತಹ ದೀರ್ಘಕಾಲದ ಕಾಯಿಲೆಗಳನ್ನೂ ಸೇರಿಸಿತು. ಕಟ್ಟಡಗಳಿಗೆ ಇಳಿಜಾರು ದಾರಿಯ ಅಳತೆಯೂ ಗೊತ್ತಾಗಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಗ್ರಂಥಾಲಯದ ಬಾಗಿಲಿಗೆ ಇರುವುದು ಒಂದೇ ಮೆಟ್ಟಿಲು, ಅರ್ಧ ಅಡಿ. ಆರಡಿಯ ಇಳಿಜಾರು ಸಾಕು. ಕಳೆದ ತಿಂಗಳು ಅಟೆಂಡರು ಟೇಪು ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಮೆಟ್ಟಿಲಿಂದ ಸಂಪಿಗೆ ಮರದವರೆಗೆ ಎಂಟೂವರೆ ಅಡಿ ಇದೆ. ಅರ್ಜಿಯನ್ನು ಪ್ರಿನ್ಸಿಪಾಲರಿಗೆ ಕೊಟ್ಟಿದ್ದೇವೆ. ಕೆಳಗೆ ನಲವತ್ತೊಂದು ಸಹಿಗಳಿವೆ, ಮೊದಲನೆಯದು ನಾಟಕವೋ ಎಂದು ಕೇಳಿದ ಆ ಮಿತ್ರನದು.