ಮಕ್ಕಳ ಚಿತ್ರದ ಚೀಲ ಅಂಗಡಿ ಸೇರಬೇಕು

ಮೈಸೂರಿನ ಶಾಲೆಗಳಿಗೆ ಕಾಗದದ ಚೀಲ ಹೊಸದೇನಲ್ಲ. ಪರಿಸರ ದಿನಕ್ಕೆಂದು ಇಕೋ ಕ್ಲಬ್ಬಿನ ಮಕ್ಕಳು ಮಾಡುತ್ತಾರೆ, ಮೇಷ್ಟ್ರು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ, ಮುಖ್ಯ ಅತಿಥಿಗಳು ನೋಡಿ ಭೇಷ್ ಎನ್ನುತ್ತಾರೆ. ಆಮೇಲೆ ಅವು ಸ್ಟಾಫ್ ರೂಮಿನ ಬೀರುವಿನ ತಲೆ ಏರಿಬಿಡುತ್ತವೆ. ಒಂದು ಕಿಲೋ ಟೊಮೆಟೊವನ್ನೂ ಹೊರದೆ ರದ್ದಿಗೆ ಹೋದ ಚೀಲದಿಂದ ಪರಿಸರಕ್ಕೆ ಆದದ್ದು ನಷ್ಟವೇ. ಹಾಳೆ ಹೋಯಿತು, ಅಂಟು ಹೋಯಿತು, ಅಂಗಡಿಯ ಪ್ಲಾಸ್ಟಿಕ್ ಕವರ್ ಮಾತ್ರ ಇದ್ದಲ್ಲೇ ಉಳಿಯಿತು. ಹಾಗಾಗಿ ಇಲ್ಲಿ ಚೀಲ ಮಡಚುವ ಬಗೆ ಎಷ್ಟು ಮುಖ್ಯವೋ ಅದನ್ನು ಅಂಗಡಿ ಮುಟ್ಟಿಸುವ ಬಗೆಯೂ ಅಷ್ಟೇ ಮುಖ್ಯ.

ಅಮೆರಿಕದ ಸಿಯಾಟಲ್ ನಗರದ ಶಾಲಾ ಶಿಕ್ಷಕರೊಬ್ಬರು 1994ರಲ್ಲಿ ಶುರುಮಾಡಿದ ಯೋಜನೆಯೊಂದಿದೆ. ಮಕ್ಕಳು ಹತ್ತಿರದ ದಿನಸಿ ಅಂಗಡಿಯಿಂದ ಖಾಲಿ ಕಾಗದದ ಚೀಲಗಳನ್ನು ಕೇಳಿ ತರುತ್ತಾರೆ, ಅವುಗಳ ಮೇಲೆ ಚಿತ್ರ ಬರೆದು ಅಂಗಡಿಗೇ ಮರಳಿಸುತ್ತಾರೆ. ಏಪ್ರಿಲ್ 22ರ ಭೂದಿನದಂದು ಅಂಗಡಿಯವರು ಅದೇ ಚೀಲದಲ್ಲಿ ಗಿರಾಕಿಗಳಿಗೆ ಸಾಮಾನು ತುಂಬಿಕೊಡುತ್ತಾರೆ. ಇಷ್ಟೇ. ಅದನ್ನು ಇಲ್ಲಿಗೆ ತರಬೇಕಾದರೆ ಎರಡು ಬದಲಾವಣೆ ಬೇಕು. ನಮ್ಮ ದಿನಸಿ ಅಂಗಡಿಗಳಲ್ಲಿ ದೊಡ್ಡ ಕಾಗದದ ಚೀಲದ ದಾಸ್ತಾನು ಇರುವುದಿಲ್ಲ, ಅದನ್ನು ನಾವೇ ಮಾಡಿಕೊಳ್ಳಬೇಕು. ಇನ್ನು ಏಪ್ರಿಲ್ 22ಕ್ಕೆ ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಅಜ್ಜಿ ಮನೆ ಸೇರಿರುತ್ತಾರೆ.

ಯಾವ ದಿನ?

ಜೂನ್ 5ರ ವಿಶ್ವ ಪರಿಸರ ದಿನ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಆದರೆ ಶಾಲೆ ಬಾಗಿಲು ತೆರೆಯುವುದೇ ಅದಕ್ಕೆ ಕೆಲವು ದಿನ ಮೊದಲು. ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರದ ಗಡಿಬಿಡಿಯಲ್ಲಿ ಮಾಡಿದ ಚೀಲ ಮೇಜಿನ ಮೇಲೇ ಉಳಿಯುತ್ತದೆ. ನನ್ನ ಮತ ಜುಲೈ 3ಕ್ಕೆ. ಅದು ಅಂತರರಾಷ್ಟ್ರೀಯ ಪ್ಲಾಸ್ಟಿಕ್ ಚೀಲ ಮುಕ್ತ ದಿನ. ಜೂನ್ ತಿಂಗಳ ಬ್ಯಾಗ್‌ರಹಿತ ಸಂಭ್ರಮ ಶನಿವಾರದಂದು ಚೀಲ ಮಾಡಿದರೆ ಜುಲೈ 3ಕ್ಕೆ ಹಂಚಲು ಸಾಕಷ್ಟು ಸಮಯ ಸಿಗುತ್ತದೆ. ಅದು ತಪ್ಪಿದರೆ ಗೌರಿ ಗಣೇಶ ಹಬ್ಬದ ಹಿಂದಿನ ವಾರ, ಅದೂ ತಪ್ಪಿದರೆ ದಸರಾ ರಜೆಗೆ ಮುಂಚಿನ ವಾರ. ಮೈಸೂರಿನ ಅಂಗಡಿಗಳು ಆಗ ತುಂಬಿ ತುಳುಕುತ್ತವೆ.

ಮೊದಲು ಅಂಗಡಿಗೆ ಹೋಗಿ

ಹೆಚ್ಚಿನ ಶಾಲೆಗಳು ಚೀಲ ಮುಗಿದ ಮೇಲೆ ಅಂಗಡಿ ಹುಡುಕುತ್ತವೆ. ಇದು ತಿರುವುಮುರುವು. ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕೈದು ಅಂಗಡಿ ಆರಿಸಿಕೊಳ್ಳಿ: ಒಂದು ದಿನಸಿ ಅಂಗಡಿ, ಒಂದು ಮೆಡಿಕಲ್ ಸ್ಟೋರ್, ಒಂದು ಫ್ಯಾನ್ಸಿ ಸ್ಟೋರ್, ಒಂದು ಬೇಕರಿ, ಒಂದು ಹಣ್ಣಿನ ಅಂಗಡಿ. ದೇವರಾಜ ಮಾರುಕಟ್ಟೆಯಂಥ ಜನಜಂಗುಳಿಯ ಜಾಗ ಮೊದಲ ಸಲಕ್ಕೆ ಬೇಡ. ಬೀದಿಯ ಅಂಗಡಿಯವರಿಗೆ ಮಕ್ಕಳ ಮುಖ ಪರಿಚಯ ಇರುತ್ತದೆ, ಅದೇ ದೊಡ್ಡ ಅನುಕೂಲ.

ಎಂಟು, ಒಂಬತ್ತನೇ ತರಗತಿಯ ಮಕ್ಕಳನ್ನು ಶಿಕ್ಷಕರ ಜೊತೆ ಕಳಿಸಿ, ವ್ಯಾಪಾರ ಕಡಿಮೆಯಿರುವ ಮಧ್ಯಾಹ್ನದ ಹೊತ್ತು. ಅಲ್ಲಿ ಅವರು ಪ್ಲಾಸ್ಟಿಕ್ಕಿನ ಕೆಡುಕಿನ ಬಗ್ಗೆ ಪಾಠ ಒಪ್ಪಿಸುವುದು ಬೇಡ, ಅಂಗಡಿಯವರಿಗೆ ಅದು ಗೊತ್ತು. ಕೇಳಬೇಕಾದ ಪ್ರಶ್ನೆ ಬೇರೆ. ‘ಅಂಕಲ್, ನಾವು ಚೀಲ ಮಾಡ್ಕೊಂಡು ಬರ್ತೀವಿ. ನಿಮಗೆ ಎಷ್ಟು ದೊಡ್ಡದು ಬೇಕು? ಏನು ಹಾಕಿ ಕೊಡ್ತೀರ?’ ಹೀಗೆ ಕೇಳಿದರೆ ಮೆಡಿಕಲ್ ಸ್ಟೋರಿನವರು ‘ದೊಡ್ಡದು ಬೇಡಮ್ಮ, ಒಂದು ಟಾನಿಕ್ಕು, ಎರಡು ಸ್ಟ್ರಿಪ್ ಮಾತ್ರೆ ಹಿಡಿದ್ರೆ ಸಾಕು’ ಎಂದಾರು. ತರಕಾರಿಯವರು ‘ಸೊಪ್ಪಿಗೆ ನೀರು ಹೊಡೆದಿರ್ತೀವಿ, ಕಾಗದ ತಡೆಯೋದಿಲ್ಲ’ ಎನ್ನಬಹುದು. ಆ ಮಾತು ನಿಜ. ಒದ್ದೆ ಸೊಪ್ಪು, ಮೀನು, ಮಾಂಸ, ಬಿಸಿ ಬೋಂಡಾಕ್ಕೆ ಈ ಚೀಲ ಆಗುವುದಿಲ್ಲವೆಂದು ಆಗಲೇ ಒಪ್ಪಿಕೊಳ್ಳಿ. ಯಾವ ಅಂಗಡಿಗೆ ಎಷ್ಟು ಚೀಲ, ಯಾವ ಅಳತೆ ಎಂಬುದನ್ನು ಮಕ್ಕಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.

ಕಾನೂನು ಗೊತ್ತಿದ್ದರೆ ಮಾತು ಸುಲಭ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಸ್ಟ್ರಾ, ತಟ್ಟೆ, ಲೋಟದಂಥ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳಿಗೂ ನಿಷೇಧ ಬಂದಿದೆ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೊದಲ ಸ್ಥಾನ ಪಡೆದ ಊರು ನಮ್ಮದು. ಆದರೂ ಸಂಜೆ ಹೂವು ಕೊಳ್ಳಲು ಹೋದರೆ ಕವರ್ ಕೇಳದೆಯೇ ಬರುತ್ತದೆ. ನೋಡಲು ಬಟ್ಟೆಯಂತಿರುವ ನಾನ್ ವೋವನ್ ಚೀಲವೂ ಪ್ಲಾಸ್ಟಿಕ್ಕೇ ಎಂಬುದನ್ನು ಮಕ್ಕಳಿಗೂ ಅಂಗಡಿಯವರಿಗೂ ಹೇಳಬೇಕು. ಎಳೆದು ನೋಡಿದರೆ ಅದರಲ್ಲಿ ನೇಯ್ಗೆಯ ಎಳೆ ಕಾಣುವುದಿಲ್ಲ.

ಯಾವ ಹಾಳೆ?

ಹಳೆಯ ಪತ್ರಿಕೆ ಪುಕ್ಕಟೆ ಸಿಗುತ್ತದೆ. ಆದರೆ ತಿನ್ನುವ ವಸ್ತುವಿಗೆ ಅದು ಬೇಡ. ಮುದ್ರಣದ ಶಾಯಿ ಆಹಾರಕ್ಕೆ ಅಂಟುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನು, ಇಡುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಪತ್ರಿಕೆಯಲ್ಲೇ ಇದನ್ನು ಬರೆಯಬೇಕಾಗಿ ಬಂದದ್ದು ತಮಾಷೆಯೇ ಸರಿ. ಫ್ಯಾನ್ಸಿ ಸ್ಟೋರಿನ ಬಳೆ, ಮೆಡಿಕಲ್ ಸ್ಟೋರಿನ ಪೆಟ್ಟಿಗೆ, ಸ್ಟೇಷನರಿ ಸಾಮಾನಿಗೆ ಪತ್ರಿಕೆಯ ಚೀಲ ಧಾರಾಳವಾಗಿ ಆಗುತ್ತದೆ.

ದಿನಸಿ, ಹಣ್ಣಿಗೆ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದವೇ ಸರಿ. ತೆಳುವಾದದ್ದು ಬೇಡ, ದಪ್ಪನೆಯದನ್ನೇ ಕೇಳಿ. ಒಳಗೆ ಪ್ಲಾಸ್ಟಿಕ್ ಪದರವಿರುವ ಮಿರುಗುವ ಹಾಳೆಯನ್ನು ಮುಟ್ಟಲೇಬೇಡಿ, ಇಷ್ಟೆಲ್ಲ ಮಾಡುವುದೇ ಅದನ್ನು ಬಿಡಿಸಲು.

ಅಂಟಿಗೆ ಅಂಗಡಿಗೆ ಹೋಗಬೇಕಿಲ್ಲ. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು, ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಂಜಿಯಂತೆ ಪಾರದರ್ಶಕವಾದಾಗ ಇಳಿಸಿ. ಒಲೆಯ ಕೆಲಸ ದೊಡ್ಡವರದು. ಎರಡು ದಿನ ಕೆಡದಿರಲಿ ಎಂದರೆ ಚಿಟಿಕೆ ಪಟಿಕ ಹಾಕಬಹುದು. ಕೆಲವರು ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳ ಕೈಗೆ ಸಲ್ಲದು. ಸ್ಟೇಪ್ಲರ್ ಪಿನ್ನು, ಸೆಲ್ಲೋಟೇಪು ಎರಡೂ ಬೇಡ. ಕಸಕ್ಕೆ ಬಿದ್ದ ಚೀಲಕ್ಕೆ ನಮ್ಮ ಬೀದಿಯ ಹಸುಗಳೇ ಮೊದಲು ಬಾಯಿ ಹಾಕುವುದು.

ಮಡಚುವ ಬಗೆ

ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಇದು ಅಳತೆಯ ಪಾಠವೂ ಆಗುತ್ತದೆ, ಆದ್ದರಿಂದ ಗಣಿತದ ಮೇಡಂ ಜೊತೆಗಿದ್ದರೆ ಒಳ್ಳೆಯದು. ಈ ಕೆಳಗಿನದು ದಿನಸಿ ಅಂಗಡಿಯ ಚೀಲದ ಲೆಕ್ಕ.

ಹಾಳೆಯನ್ನು 70 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಮೇಜಿನ ಮೇಲೆ ಅಡ್ಡಲಾಗಿ ಹಾಸಿ. ಮೇಲಿನ ಅಂಚನ್ನು 4 ಸೆಂ.ಮೀ. ಒಳಕ್ಕೆ ಮಡಚಿ ಅಂಟಿಸಿ, ಅದು ಚೀಲದ ಬಾಯಿ. ಎಡಬಲದ ಅಂಚುಗಳನ್ನು ನಡುವಿಗೆ ತಂದು, ಒಂದರ ಮೇಲೊಂದು 2 ಸೆಂ.ಮೀ. ಕೂರುವಂತೆ ಅಂಟಿಸಿ. ಈಗ 34 ಸೆಂ.ಮೀ. ಅಗಲದ ಚಪ್ಪಟೆ ಕೊಳವೆ ಕೈಗೆ ಬಂತು. ಅಂಟಿದ ಗೆರೆ ಇರುವುದು ಚೀಲದ ಹಿಂಬದಿ. ಇದು ಒಣಗುವ ತನಕ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಮಳೆಗಾಲದ ತಂಪಿನಲ್ಲಿ ಗಂಟೆಗಟ್ಟಲೆ ಹಿಡಿದೀತು. ಫ್ಯಾನಿನ ಕೆಳಗೆ ಬೆಂಚಿನ ಮೇಲೆ ಹರವಿ.

ತಳದ ಸರದಿ ಸ್ವಲ್ಪ ನಾಜೂಕಿನದು. ಹಿಂಬದಿ ಮೇಲೆ ಬರುವಂತೆ ಇಟ್ಟು, ಕೊಳವೆಯ ಕೆಳ ತುದಿಯನ್ನು 11 ಸೆಂ.ಮೀ. ಮೇಲಕ್ಕೆ ಮಡಚಿ ಉಗುರಿನಿಂದ ಗೀರಿ. ಮಡಚಿದ ಭಾಗದಲ್ಲಿ ಎರಡು ಪದರ ಇರುತ್ತವೆ. ಮೇಲಿನ ಪದರವನ್ನು ಬಿಡಿಸಿ ನಿಮ್ಮ ಕಡೆಗೆ ಎಳೆದರೆ ಎರಡೂ ಪಕ್ಕದ ಮೂಲೆಗಳು ತಾವಾಗಿಯೇ ತ್ರಿಕೋನವಾಗಿ ಕೂರುತ್ತವೆ. ಅವನ್ನು ಚಪ್ಪಟೆಯಾಗಿ ಒತ್ತಿ. ನಡುವೆ ಅಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ಕೆಳಗಿನ ಅಂಚು ಆ ಗೆರೆಯನ್ನು ದಾಟಿ 1 ಸೆಂ.ಮೀ. ಹೋಗುವಂತೆ ಮಡಚಿ, ಮೇಲಿನ ಅಂಚನ್ನೂ ಹಾಗೆಯೇ ಮಡಚಿ ಅದರ ಮೇಲೆ ಅಂಟಿಸಿ. ಒಳಗೆ ಕೈ ಹಾಕಿ ಬಿಡಿಸಿದರೆ 24 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತಳವಿರುವ, 40 ಸೆಂ.ಮೀ. ಎತ್ತರದ ಚೀಲ ನೆಟ್ಟಗೆ ನಿಲ್ಲುತ್ತದೆ. ಹಳೆಯ ನೋಟ್‌ಬುಕ್ಕಿನ ರಟ್ಟನ್ನು 23 ಮತ್ತು 9 ಸೆಂ.ಮೀ. ಅಳತೆಗೆ ಕತ್ತರಿಸಿ ತಳಕ್ಕೆ ಹಾಕಿ. ಹಿಡಿಕೆ ಬೇಕಾದರೆ ಬಾಯಿಯ ಒಳಬದಿಗೆ ಹಿಂದೆ ಮುಂದೆ ಒಂದೊಂದು ರಟ್ಟಿನ ಪಟ್ಟಿ ಅಂಟಿಸಿ, ತೂತು ಕೊರೆದು ಸೆಣಬಿನ ಹುರಿ ಕಟ್ಟಿ. ಪಟ್ಟಿಯಿಲ್ಲದೆ ಕಟ್ಟಿದ ಹುರಿ ಕಾಗದವನ್ನು ಹರಿಯುವುದು ಖಂಡಿತ.

ಪರೀಕ್ಷೆ ಮಾಡದೆ ಒಂದು ಚೀಲವೂ ಹೊರಗೆ ಹೋಗಬಾರದು. ಪ್ರತಿ ಗುಂಪಿನ ಒಂದು ಚೀಲಕ್ಕೆ ಎರಡು ಕಿಲೋ ಅಕ್ಕಿ ಹಾಕಿ, ಒಂದು ಮಗು ಅದನ್ನು ಹಿಡಿದು ಆಟದ ಮೈದಾನ ಒಂದು ಸುತ್ತು ಬರಲಿ. ತಳ ಬಿಟ್ಟರೆ ಆ ಗುಂಪಿನ ಎಲ್ಲ ಚೀಲಗಳಿಗೂ ಇನ್ನೊಂದು ಕೈ ಅಂಟು. ಗಿರಾಕಿಯ ಅವರೆಬೇಳೆ ರಸ್ತೆಯಲ್ಲಿ ಚೆಲ್ಲಿದರೆ ಅವರು ಮರುದಿನ ಕವರೇ ಕೇಳುತ್ತಾರೆ.

ಚಿತ್ರ ಯಾವಾಗ, ಎಂಥದು?

ಕೊಳವೆ ಒಣಗಿದ ಮೇಲೆ, ತಳ ಮಡಚುವ ಮೊದಲು. ಬರಿಯ ಹಾಳೆಯ ಮೇಲೆ ಬರೆಸಿದರೆ ಅರ್ಧ ಚಿತ್ರಗಳು ತಲೆಕೆಳಗಾಗುತ್ತವೆ, ಚೀಲ ಪೂರ್ತಿಯಾದ ಮೇಲೆ ಬರೆಯಲು ಸಮನಾದ ಜಾಗ ಸಿಗುವುದಿಲ್ಲ. ಅಂಟಿನ ಗೆರೆಯಿಲ್ಲದ ಮುಂಬದಿಯಲ್ಲಿ ಕೆಳಗೆ 11 ಸೆಂ.ಮೀ., ಎರಡೂ ಪಕ್ಕ 5 ಸೆಂ.ಮೀ. ಖಾಲಿ ಬಿಡಲು ಪೆನ್ಸಿಲ್ ಗೆರೆ ಹಾಕಿಕೊಡಿ. ಒಂದರಿಂದ ಮೂರನೇ ತರಗತಿಯ ಪುಟ್ಟ ಮಕ್ಕಳಿಗೂ ಇಲ್ಲಿ ಕೆಲಸ ಸಿಗುತ್ತದೆ.

ಮೇಣದ ಕ್ರೆಯಾನ್ ಎಲ್ಲಕ್ಕಿಂತ ಒಳ್ಳೆಯದು, ಕೈ ಬೆವರಿದರೂ ಬಣ್ಣ ಕದಡುವುದಿಲ್ಲ. ಸ್ಕೆಚ್ ಪೆನ್ ಬಣ್ಣ ನೀರು ತಾಗಿದರೆ ಹರಡುತ್ತದೆ. ಪೋಸ್ಟರ್ ಕಲರ್ ದಪ್ಪಗೆ ಬಳಿದರೆ ಮಡಿಕೆಯಲ್ಲಿ ಉದುರುತ್ತದೆ. ಮಿಂಚುವ ಗ್ಲಿಟರ್ ಪುಡಿ, ಸ್ಟಿಕ್ಕರ್, ಲ್ಯಾಮಿನೇಷನ್ ಬೇಡವೇ ಬೇಡ, ಅವೂ ಪ್ಲಾಸ್ಟಿಕ್ಕೇ. ಚೀಲದ ಒಳಬದಿಗೆ ಯಾವ ಬಣ್ಣವೂ ಬೇಡ.

ಇನ್ನು ಚಿತ್ರದ ವಿಷಯ. ಅಳುವ ಭೂಗೋಳ, ಗಿಡ ಹಿಡಿದ ಎರಡು ಕೈ: ಶಾಲೆಯ ಗೋಡೆಗಳ ಮೇಲೆ ಇವನ್ನು ನೋಡಿ ನೋಡಿ ಯಾರ ಕಣ್ಣೂ ಈಗ ಅಲ್ಲಿ ನಿಲ್ಲುವುದಿಲ್ಲ. ಮಕ್ಕಳು ತಾವು ಕಂಡದ್ದನ್ನು ಬರೆಯಲಿ. ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಯಿದೆ, ಕಾರಂಜಿ ಕೆರೆಯ ನವಿಲಿದೆ, ನಂಜನಗೂಡು ರಸಬಾಳೆ, ಈರನಗೆರೆ ಬದನೆಕಾಯಿ, ಬೆಳಿಗ್ಗೆ ಕಸ ಒಯ್ಯಲು ಬರುವ ಪೌರಕಾರ್ಮಿಕರ ಗಾಡಿಯಿದೆ. ತನ್ನ ಬೀದಿಯ ಚರಂಡಿಗೆ ಸಿಕ್ಕಿಕೊಂಡ ಕವರನ್ನೇ ಬರೆಯುವ ಹುಡುಗನನ್ನು ತಡೆಯಬೇಡಿ, ಆ ಚಿತ್ರವೇ ಎಲ್ಲಕ್ಕಿಂತ ಜೋರಾಗಿ ಮಾತಾಡೀತು. ಬರಹ ಕನ್ನಡದಲ್ಲಿ, ಮಗುವಿನ ಕೈಬರಹದಲ್ಲಿ, ಒಂದೇ ಸಾಲು. ‘ನನ್ನನ್ನು ಮಡಚಿಟ್ಟುಕೊಳ್ಳಿ, ನಾಳೆಯೂ ಅಂಗಡಿಗೆ ಬರ್ತೀನಿ’ ಎಂಬಂಥದ್ದು. ಮಗುವಿನ ಹೆಸರು, ತರಗತಿ, ಶಾಲೆ ಸಾಕು. ಮನೆ ವಿಳಾಸ, ಫೋನ್ ನಂಬರ್ ಬರೆಸಬಾರದು.

ಇನ್ನೊಂದು ಕೆಲಸ ಮಾಡಿಸಿ. ಹಿಂಬದಿಯಲ್ಲಿ ಮೂರು ಚಿಕ್ಕ ಚೌಕ ಬರೆದು ‘ಬಳಸಿದಾಗಲೆಲ್ಲ ಒಂದು ಗುರುತು ಹಾಕಿ’ ಎನ್ನಿ. ಮೂರು ಯಾಕೆಂದರೆ, ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭೂಮಿಯ ತಾಪದ ಲೆಕ್ಕದಲ್ಲಿ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಕಾಗದದ ಚೀಲವನ್ನು 3 ಸಲ, ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಚರಂಡಿ ಕಟ್ಟುವುದು, ಹಸುವಿನ ಹೊಟ್ಟೆ ಸೇರುವುದು ಆ ಲೆಕ್ಕದಲ್ಲಿಲ್ಲ, ನಿಜ. ಆದರೂ ಕಾಗದವೆಂದರೆ ಪುಣ್ಯ, ಪ್ಲಾಸ್ಟಿಕ್ಕೆಂದರೆ ಪಾಪ ಎಂದು ಮಕ್ಕಳಿಗೆ ಸುಲಭದ ಪಾಠ ಹೇಳಿಬಿಡುವುದು ಸರಿಯಲ್ಲ. ಅಮ್ಮನ ಹಳೆಯ ಸೀರೆಯಲ್ಲಿ ಹೊಲಿದ, ವರ್ಷಗಟ್ಟಲೆ ಸಂತೆಗೆ ಹೋಗಿ ಬರುವ ಚೀಲದ ಮುಂದೆ ನಮ್ಮ ಈ ಕಾಗದದ ಚೀಲ ಎರಡನೆಯದೇ.

ಹಂಚುವ ದಿನ

ಚೀಲಗಳನ್ನು ಹಿಂದಿನ ಸಂಜೆಯೇ ಅಂಗಡಿಗೆ ಕೊಟ್ಟುಬಿಡಿ. ದರ ಕಟ್ಟಬೇಡಿ, ಮೊದಲ ಸಲ ಪುಕ್ಕಟೆ. ಕೊಡುವಾಗ ಸಮಾರಂಭ ಬೇಡ, ಅಂಗಡಿಯವರಿಗೆ ವ್ಯಾಪಾರದ ಹೊತ್ತು. ಇಬ್ಬರು ಮಕ್ಕಳು ಶಿಕ್ಷಕರ ಜೊತೆ ಅರ್ಧ ಗಂಟೆ ಪಕ್ಕದಲ್ಲಿ ನಿಂತು, ಯಾರು ಚೀಲ ತೆಗೆದುಕೊಂಡರು, ಯಾರು ‘ಕವರೇ ಕೊಡಿ’ ಎಂದರು, ಯಾರು ಮನೆಯಿಂದ ಚೀಲ ತಂದಿದ್ದರು ಎಂದು ಗೀಟು ಹಾಕಿಕೊಳ್ಳಲಿ. ವಾರದ ನಂತರ ಅದೇ ಅಂಗಡಿಗೆ ಹೋಗಿ ‘ಅಂಕಲ್, ಹರಿದು ಹೋಯ್ತಾ? ಇನ್ನೂ ಬೇಕಾ?’ ಎಂದು ಕೇಳಲಿ. ಬೇಕೆಂದರೆ ಮುಂದಿನ ಸಂಭ್ರಮ ಶನಿವಾರಕ್ಕೆ ಕೆಲಸ ಸಿಕ್ಕಿತು. ಬೇಡವೆಂದರೆ ಅಳತೆಯಲ್ಲೋ ಅಂಟಿನಲ್ಲೋ ತೊಡಕಿದೆ, ಅದನ್ನು ಕೇಳಿ ತಿಳಿದುಕೊಂಡು ಬರಲಿ.

ಶಾಲೆಯಲ್ಲಿ ಅವಕಾಶವಾಗದಿದ್ದರೆ ಒಂದೇ ಬೀದಿಯ ನಾಲ್ಕು ಮನೆಯ ಮಕ್ಕಳು ಭಾನುವಾರ ಒಂದು ಜಗಲಿಯಲ್ಲಿ ಕೂತು ಒಂದು ಅಂಗಡಿಗೆ ಇಪ್ಪತ್ತು ಚೀಲ ಮಾಡಬಹುದು. ಶಾಲೆಯಲ್ಲಾಗಲಿ, ಜಗಲಿಯಲ್ಲಾಗಲಿ, ಹಾಳೆ ಕೊಳ್ಳುವ ಮೊದಲು ಅಂಗಡಿಯವರನ್ನು ಮಾತಾಡಿಸಿ. ಆ ಕೆಲಸವನ್ನು ಈ ವಾರವೇ ಮುಗಿಸಿಕೊಳ್ಳಿ.