ಅಪರಿಚಿತರ ಆಸರೆ: ಮೊಬೈಲ್ ಗುಂಪುಗಳಲ್ಲಿ ಮನದ ಸಂಕಟಕ್ಕೆ ಸ್ಪಂದಿಸುವ ಬಗೆ



ನೀರು, ರಸ್ತೆ, ಬೀದಿದೀಪಗಳ ಕುರಿತ ದೂರುಗಳು ಇಂದು ಪಂಚಾಯಿತಿ ಕಚೇರಿಗಿಂತ ಮೊದಲು ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತವೆ. ಅದೇ ಗುಂಪುಗಳಲ್ಲಿ ಒಮ್ಮೊಮ್ಮೆ ಮನುಷ್ಯರ ಮನದ ಸಂಕಟವೂ ಪ್ರಕಟವಾಗುತ್ತದೆ. ಅಂತಹ ಸಂದೇಶ ಕಂಡಾಗ ಜನಪ್ರತಿನಿಧಿಗಳು ಹೇಗೆ ನಡೆದುಕೊಳ್ಳಬೇಕು ಎಂಬುದು ಈ ಪಾಠದ ವಿಷಯ.

1. ಒಂದು ರಾತ್ರಿಯ ಅನುಭವ

ನಾನು ಸದಸ್ಯನಾಗಿರುವ ಟೊಮೆಟೊ ಬೆಳೆಗಾರರ ಗುಂಪಿನಲ್ಲಿ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಯುವ ರೈತರೊಬ್ಬರು, ‘ಇನ್ನು ನನ್ನಿಂದ ಆಗದು, ಎಲ್ಲರೂ ಕ್ಷಮಿಸಿ’ ಎಂದು ಬರೆದರು. ಗುಂಪಿನಲ್ಲಿದ್ದವರು ಮೂರು ನಾಲ್ಕು ತಾಲ್ಲೂಕುಗಳವರು. ಬಹುತೇಕರು ಪರಸ್ಪರ ಮುಖ ಕಂಡವರಲ್ಲ. ಕೆಲವರು ಕೈಮುಗಿದ ಚಿತ್ರ ಹಾಕಿದರು. ಇನ್ನು ಕೆಲವರು ಧೈರ್ಯವಾಗಿರಿ ಎಂದರು. ನಾನು ಇಂಜಿನಿಯರಿಂಗ್ ಓದಿದವನು; ದೋಷ ಕಂಡೊಡನೆ ಪರಿಹಾರ ಸೂಚಿಸುವುದು ಅಭ್ಯಾಸ. ಬೆಳೆ ವಿಮೆ ಹಾಗೂ ಸಾಲದ ಕಂತಿನ ಕುರಿತು ಉದ್ದನೆಯ ಟಿಪ್ಪಣಿ ಬರೆದೆ.

ಅಷ್ಟರಲ್ಲಿ ಬೇರೆ ತಾಲ್ಲೂಕಿನ ಹಿರಿಯ ರೈತರೊಬ್ಬರು, ‘ತಮ್ಮಾ, ಊಟ ಮಾಡಿದ್ಯಾ? ಈಗ ಫೋನ್ ಮಾಡ್ತೀನಿ, ಎತ್ತು’ ಎಂದು ಬರೆದು ಕರೆ ಮಾಡಿದರು. ಸುಮಾರು ಒಂದು ಗಂಟೆ ಮಾತಾಯಿತು. ಮನೆಯಲ್ಲಿ ಅಣ್ಣ ಮಲಗಿರುವುದನ್ನು ತಿಳಿದು, ಅವರನ್ನು ಎಬ್ಬಿಸುವವರೆಗೂ ಫೋನ್ ಇಡಲಿಲ್ಲ. ಮರುದಿನ ಅಣ್ಣನೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಆ ಯುವಕರು ಈಗ ಕೃಷಿಯಲ್ಲಿ ತೊಡಗಿದ್ದಾರೆ. ನನ್ನ ಟಿಪ್ಪಣಿಯನ್ನು ಅಂದು ಓದಲೇ ಇಲ್ಲವೆಂದು ಅವರೇ ನನಗೆ ಹೇಳಿದರು.

2. ಅಪರಿಚಿತರಲ್ಲಿ ಹೇಳಿಕೊಳ್ಳುವುದೇಕೆ?

ಊರಿನಲ್ಲಿ ಹೇಳಿದರೆ ನಾಲ್ಕು ಜನ ಏನೆಂದಾರು ಎಂಬ ಅಳುಕು ಇರುತ್ತದೆ. ಸಾಲ ಕೊಟ್ಟವರು, ಬೀಗರು, ನೆರೆಹೊರೆಯವರು ಎಲ್ಲರೂ ಅಲ್ಲಿಯೇ ಇರುತ್ತಾರೆ. ಅಪರಿಚಿತರ ಮುಂದೆ ಈ ಅಳುಕು ಕಡಿಮೆ.

ಇದು ಮೊಬೈಲಿನೊಂದಿಗೆ ಹುಟ್ಟಿದ ಸಂಗತಿಯಲ್ಲ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರು ನೊಂದವರಿಗಾಗಿ ದೂರವಾಣಿ ಸೇವೆ ಆರಂಭಿಸಿದರು. ಅವರ ಭೇಟಿಗೆ ಕಾದು ಕುಳಿತವರೊಡನೆ ಸ್ವಯಂಸೇವಕರು ಚಹಾ ಕೊಟ್ಟು ಮಾತನಾಡುತ್ತಿದ್ದರು. ಅಷ್ಟರಿಂದಲೇ ಹಲವರ ಮನಸ್ಸು ಹಗುರಾಗುವುದನ್ನು ಕಂಡು, ಕೇಳಿಸಿಕೊಳ್ಳುವ ಹೊಣೆಯನ್ನು ಅವರು ಸ್ವಯಂಸೇವಕರಿಗೇ ವಹಿಸಿದರು. ‘ಸಮಾರಿಟನ್ಸ್’ ಸಂಸ್ಥೆ ಬೆಳೆದದ್ದು ಹೀಗೆ. ಚೆನ್ನೈನಲ್ಲಿ 1986ರಲ್ಲಿ ಆರಂಭವಾದ ‘ಸ್ನೇಹಾ’ ಸಂಸ್ಥೆಯೂ ಸ್ವಯಂಸೇವಕರ ಆಲಿಸುವಿಕೆಯನ್ನೇ ಆಧರಿಸಿದೆ.

3. ಸ್ಪಂದಿಸುವ ಕ್ರಮ

ಅ) ಗುಂಪಿನಲ್ಲಿ ಉಪದೇಶ ಬರೆಯುವ ಬದಲು ನೇರವಾಗಿ ಕರೆ ಮಾಡಿರಿ.
ಆ) ಮೊದಲು ಕೇಳಿಸಿಕೊಳ್ಳಿರಿ. ‘ಇದೇನು ದೊಡ್ಡ ವಿಷಯ’ ಎಂಬ ಮಾತು ಬೇಡ.
ಇ) ಸಂಶಯವಿದ್ದಲ್ಲಿ, ಜೀವ ಕಳೆದುಕೊಳ್ಳುವ ಆಲೋಚನೆ ಇದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.
ಈ) ಹತ್ತಿರದಲ್ಲಿ ಯಾರಿದ್ದಾರೆಂದು ತಿಳಿದು ಅವರನ್ನು ಜೊತೆಗೂಡಿಸಿರಿ. ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿರಿ.
ಉ) ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ತಿಳಿಸಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಕನ್ನಡದಲ್ಲಿಯೂ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರವಾಗಿದೆ.
ಊ) ಮರುದಿನ ಮತ್ತೊಮ್ಮೆ ವಿಚಾರಿಸಿರಿ.

4. ಮಿತಿ ಮತ್ತು ಎಚ್ಚರಿಕೆ

ಆಲಿಸುವವರು ವೈದ್ಯರಲ್ಲ. ಔಷಧ ಸೂಚಿಸುವುದಾಗಲಿ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಲು ಹೇಳುವುದಾಗಲಿ ಸಲ್ಲದು. ಒಬ್ಬರೇ ಎಲ್ಲ ಭಾರ ಹೊರಲೂಬಾರದು. ನೊಂದವರ ಸಂದೇಶದ ಚಿತ್ರ ತೆಗೆದು ಬೇರೆ ಗುಂಪಿಗೆ ಕಳುಹಿಸುವುದು ಅವರಿಗೆ ಮಾಡುವ ದ್ರೋಹ. ಸಾಂತ್ವನದ ಸೋಗಿನಲ್ಲಿ ಹಣ, ಒಟಿಪಿ ಅಥವಾ ಖಾಸಗಿ ಚಿತ್ರ ಕೇಳುವವರೂ ಇದ್ದಾರೆ. ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ಕರೆ ಮಾಡಬೇಕು.

ಪೊಲೀಸ್ ಪ್ರಕರಣವಾದೀತೆಂಬ ಭಯದಿಂದ ಚಿಕಿತ್ಸೆಗೆ ಹಿಂಜರಿಯುವ ಕುಟುಂಬಗಳಿವೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 115ನೇ ಪ್ರಕರಣದ ಪ್ರಕಾರ, ವ್ಯತಿರಿಕ್ತವಾಗಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅವರ ಆರೈಕೆ, ಚಿಕಿತ್ಸೆ ಹಾಗೂ ಪುನರ್ವಸತಿ ಸರ್ಕಾರದ ಕರ್ತವ್ಯ. ಇದನ್ನು ಕುಟುಂಬದವರಿಗೆ ತಿಳಿಸಿರಿ.

5. ಪಂಚಾಯಿತಿ ಮಾಡಬಹುದಾದುದು

14416 ಸಂಖ್ಯೆಯನ್ನು ಕಚೇರಿ, ಗ್ರಂಥಾಲಯ, ಹಾಲಿನ ಡೇರಿ ಮತ್ತು ನ್ಯಾಯಬೆಲೆ ಅಂಗಡಿಗಳ ಗೋಡೆಯ ಮೇಲೆ ಬರೆಸಬಹುದು. ಪ್ರತಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿಯೂ ಕರೆ ಸ್ವೀಕರಿಸಬಲ್ಲ ಇಬ್ಬರನ್ನು ಗೊತ್ತುಪಡಿಸಬಹುದು. ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಆಶಾ ಕಾರ್ಯಕರ್ತೆಯರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಈ ಪಾಠವನ್ನು ಓದಿ ಹೇಳಬಹುದು. ಇವುಗಳಿಗೆ ಹೆಚ್ಚಿನ ಅನುದಾನ ಬೇಕಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಗುಂಪುಗಳಲ್ಲಿ ಇಂತಹ ಸಂದೇಶ ಬಂದಿತ್ತೇ? ಆಗ ನಾವು ಏನು ಮಾಡಿದೆವು?
2. ನಮ್ಮ ಗ್ರಾಮದಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದವರು ಯಾರು?
3. ಇಂದು ರಾತ್ರಿ ಅಂತಹ ಸಂದೇಶ ಬಂದರೆ ಮೊದಲು ಕರೆ ಮಾಡುವವರು ಯಾರು?

ಮೂರನೆಯ ಪ್ರಶ್ನೆಗೆ ಉತ್ತರವಾಗಿ ಇಬ್ಬರ ಹೆಸರನ್ನು ಮುಂದಿನ ಸಭೆಯಲ್ಲಿಯೇ ನಿರ್ಧರಿಸಬೇಕೆಂದು ವಿನಂತಿಸುತ್ತೇನೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ